ದೋಣಿ ಹೊರಡುವಾಗ ಆಡಬಾರದ ಮಾತು

ನಮ್ಮ ಭಾವ ಹಾಯಿದೋಣಿ ಕೊಂಡರು. ಈ ಮಾತನ್ನು ಯಾರಿಗೆ ಹೇಳಿದರೂ ‘ಏನು ಕೊಂಡ್ರು?’ ಅಂತ ಇನ್ನೊಂದು ಸಲ ಕೇಳುತ್ತಾರೆ. ಕೇಳಲೇಬೇಕು. ದೊಡ್ಡಬಳ್ಳಾಪುರದಲ್ಲಿ ಮಗ್ಗ ಓಡಿಸುವವರು ಕೈಯಲ್ಲಿ ನಾಲ್ಕು ಕಾಸಾಡಿದರೆ ಕಾರು ಕೊಳ್ಳುತ್ತಾರೆ, ಸೈಟು ಕೊಳ್ಳುತ್ತಾರೆ, ತೀರಾ ಮೈಮೇಲೆ ಬಂದರೆ ಒಂದು ಕಲ್ಯಾಣ ಮಂಟಪ ಕಟ್ಟಿಸಿ ಬಾಗಿಲ ಮೇಲೆ ಅಪ್ಪ ಅಮ್ಮನ ಫೋಟೊ ಹಾಕುತ್ತಾರೆ. ಸಮುದ್ರ ನೋಡಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ತೂಕಡಿಸಬೇಕಾದ ಊರಿನವರು ದೋಣಿ ಕೊಳ್ಳುವುದಿಲ್ಲ. ನಮ್ಮ ಭಾವ ಕೊಂಡರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಇವರು ಕೊಡೆಯ ಬದಲು ಹಾಯಿ ಬಿಚ್ಚಿದರು.

ಭಾವ ಎಂದರೆ ನನ್ನ ಗಂಡನ ಅಣ್ಣ. ಮಾವ ತೀರಿಕೊಂಡ ಮೇಲೆ ಮನೆಗೂ ಮಗ್ಗಗಳಿಗೂ ಅವರೇ ಯಜಮಾನರು. ಬೀರು, ಗೋದಾಮು, ಕಾರು, ದೇವರ ಮನೆ, ಎಲ್ಲದರ ಬೀಗದ ಕೈಯೂ ಅವರ ಉಡುದಾರದಲ್ಲಿ ನೇತಾಡುತ್ತದೆ. ನನ್ನ ಗಂಡನಿಗೆ ತಲೆ ನರೆಯುತ್ತಾ ಬಂದರೂ ಅಣ್ಣ ಊಟಕ್ಕೆ ಕೂರದೆ ತಟ್ಟೆ ಮುಟ್ಟುವುದಿಲ್ಲ. ಅಣ್ಣ ಹಗಲನ್ನು ರಾತ್ರಿ ಅಂದರೆ ಇವರು ಎದ್ದು ಹೋಗಿ ಲೈಟು ಹಾಕುತ್ತಾರೆ. ಬೀದಿಯವರು ‘ಅಣ್ತಮ್ಮಂದ್ರು ಅಂದ್ರೆ ಹಿಂಗಿರ್ಬೇಕು’ ಅನ್ನುತ್ತಾರೆ. ಅದು ಗುಣವೋ ರೋಗವೋ ನನಗೆ ಇಷ್ಟು ವರ್ಷವಾದರೂ ತೀರ್ಮಾನವಾಗಿಲ್ಲ.

ದೋಣಿಯ ಹುಚ್ಚು ಹತ್ತಿದ್ದು ಗೋವಾದಲ್ಲಿ. ಮಗ್ಗದ ಮಾಲೀಕರೆಲ್ಲ ಸೇರಿ ಹೋಗಿದ್ದ ಪ್ರವಾಸದಲ್ಲಿ ಯಾರೋ ಇವರನ್ನು ಹಾಯಿದೋಣಿ ಹತ್ತಿಸಿ ಒಂದು ಸುತ್ತು ತಿರುಗಿಸಿದ್ದಾರೆ. ಇವರು ಹಾಯಿಯ ಅಂಚನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡಿ, ‘ಇದೇನ್ ಮಹಾ, ಸಿಂಥೆಟಿಕ್ಕು. ನಮ್ ಮಗ್ಗದಲ್ಲೇ ಎಳೀಬೋದು’ ಅಂದರಂತೆ. ಬಟ್ಟೆ ಗೊತ್ತಿದ್ದವನಿಗೆ ಹಾಯಿ ಗೊತ್ತು, ಹಾಯಿ ಗೊತ್ತಿದ್ದವನಿಗೆ ಸಮುದ್ರ ಗೊತ್ತು, ಇದು ಅವರ ಲೆಕ್ಕ. ಕಾರವಾರದ ಕಡೆ ಒಂದು ಬಂದರಿನಲ್ಲಿ ಹಳೆಯ ದೋಣಿಯೊಂದು ಮಾರಾಟಕ್ಕಿತ್ತು. ಒಳಗೆ ಮಲಗುವುದಕ್ಕೆ ಜಾಗ, ಪುಟ್ಟ ಅಡುಗೆ ಮೂಲೆ, ಒಂದು ಕಕ್ಕಸು, ಗಾಳಿ ಕೈಕೊಟ್ಟಾಗ ಓಡಿಸಲು ಡೀಸೆಲ್ ಇಂಜಿನ್ನು. ಮಾರಿದವನೇ ಕೆಲವು ದಿನ ಪಕ್ಕದಲ್ಲಿ ಕೂತು ಕಲಿಸಿಕೊಟ್ಟ. ಉಳಿದದ್ದನ್ನು ಭಾವ ಮೊಬೈಲಿನಲ್ಲಿ ನೋಡಿ ಕಲಿತರು. ಕಲಿತದ್ದೇ ತಡ, ಮನೆಗೆ ಹುಕುಂ ಬಂತು: ಸಂಕ್ರಾಂತಿ ಕಳೆದ ಮೇಲೆ ಅವರು, ಅವರ ಹೆಂಡತಿ, ನಾನು, ನನ್ನ ಗಂಡ, ನಾಲ್ವರೂ ದಡದ ಉದ್ದಕ್ಕೂ ದಕ್ಷಿಣಕ್ಕೆ ಹೋಗುತ್ತೇವೆ. ಊಟ, ನಿದ್ದೆ ಎಲ್ಲ ದೋಣಿಯಲ್ಲೇ.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಹೊಸಕೋಟೆಯ ಬಳಿ ಒಂದು ಕಾರ್ಖಾನೆಯಲ್ಲಿ ಸುರಕ್ಷತೆ ನೋಡಿಕೊಳ್ಳುವವಳು. ದಿನಾ ಪಾಳಿ ಶುರುವಾಗುವ ಮೊದಲು ಕೆಲಸಗಾರರನ್ನು ಮುಂದೆ ನಿಲ್ಲಿಸಿಕೊಂಡು, ಇವತ್ತು ಏನೇನು ಕೆಡಬಹುದು, ಕೆಟ್ಟರೆ ಯಾರು ಯಾವ ಸ್ವಿಚ್ಚು ಆರಿಸಬೇಕು, ಯಾರು ಯಾವ ಬಾಗಿಲಿಗೆ ಓಡಬೇಕು ಅಂತ ಹೇಳುತ್ತೇನೆ. ಕೆಟ್ಟದ್ದನ್ನು ಆಗುವ ಮೊದಲೇ ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಸಂಬಳ. ನಮ್ಮ ಅತ್ತೆಮನೆಯಲ್ಲಿ ಅದಕ್ಕೆ ಕೆಲಸ ಅನ್ನುವುದಿಲ್ಲ, ಕರಿನಾಲಿಗೆ ಅನ್ನುತ್ತಾರೆ. ತವರು ಸೂಲಿಬೆಲೆ ಕಡೆ, ತೋಟದ ಬಾವಿಯಲ್ಲಿ ಬಿದ್ದು ಎದ್ದು ಬೆಳೆದವಳು, ನನಗೆ ಈಜು ಬರುತ್ತದೆ. ನನ್ನ ಗಂಡನಿಗೆ ಬರುವುದಿಲ್ಲ. ಮೊಣಕಾಲುದ್ದ ನೀರಿಗೆ ಇಳಿದರೂ ಪಕ್ಕದವರ ತೋಳು ಹಿಡಿದುಕೊಳ್ಳುವ ಆಸಾಮಿ. ಅಂಥವರನ್ನು ಆ ಪುಣ್ಯಾತ್ಮ ಅಣ್ಣನ ಜೊತೆ ಸಮುದ್ರಕ್ಕೆ ಬಿಟ್ಟರೆ ಕಥೆ ಮುಗಿಯಿತು ಅಂತ ರಜೆ ಹಾಕಿ ನಾನೂ ಹೊರಟೆ. ನನಗೆ ಸಮುದ್ರ ಬೇಕಿರಲಿಲ್ಲ, ಸೂರ್ಯಾಸ್ತ ಬೇಕಿರಲಿಲ್ಲ. ಹೋದ ಗಂಡನನ್ನು ಜೀವಸಹಿತ ಮನೆಗೆ ವಾಪಸ್ಸು ತರಬೇಕಿತ್ತು, ಅಷ್ಟೆ.

ಬಂದರಿಗೆ ಹೋಗಿ ನೋಡಿದರೆ ಅಲ್ಲಿ ಹೊಸ ಲಾರಿಗೆ ಮಾಡುವ ಪೂಜೆ ನಡೆಯುತ್ತಿತ್ತು. ಕಂಬಕ್ಕೆ ಬಾಳೆಕಂದು, ಮೂತಿಗೆ ಚೆಂಡುಹೂವಿನ ಹಾರ. ಚುಕ್ಕಾಣಿ ಚಕ್ರದ ಮುಂದೆ ಗಾಜಿನ ಬುರುಡೆಯೊಳಗೆ ದಿಕ್ಸೂಚಿ ಇತ್ತು. ಅದು ದೇವರ ತಲೆಯ ಹಾಗೆ ದುಂಡಗೆ ಕಂಡದ್ದರಿಂದ ನಮ್ಮ ಓರಗಿತ್ತಿ, ಅಂದರೆ ಭಾವನ ಹೆಂಡತಿ, ಅದಕ್ಕೆ ಕೈತುಂಬ ಅರಿಶಿನ ಕುಂಕುಮ ಬಳಿದಿದ್ದರು. ಉತ್ತರ ದಿಕ್ಕು ಕುಂಕುಮದಡಿ ಮಾಯವಾಗಿತ್ತು. ನಾನು ಒರೆಸಲು ಹೋದರೆ ‘ಪೂಜೆ ಮಾಡಿದ್ದನ್ನ ಒರೆಸ್ತಾರಾ?’ ಅಂತ ಕೈ ತಡೆದರು. ಆಮೇಲೆ ನಿಂಬೆಹಣ್ಣಿನ ಸರದಿ. ಚಕ್ರವಿಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿಡುವುದು? ಭಾವ ಗಂಭೀರವಾಗಿ ಯೋಚಿಸಿ, ಮೂತಿಯ ಎರಡೂ ಪಕ್ಕ ಒಂದೊಂದನ್ನು ನೀರಿಗೆ ಬಿಟ್ಟು ಅವುಗಳ ಮೇಲೆ ದೋಣಿ ಹತ್ತಿಸುತ್ತೇನೆ ಅಂದರು. ಇಂಜಿನ್ ಶುರುವಾಗುವಷ್ಟರಲ್ಲಿ ಹಣ್ಣುಗಳು ತೇಲಿಕೊಂಡು ಪಕ್ಕದ ಮೀನುದೋಣಿಯ ಹತ್ತಿರ ಹೋದವು. ಇನ್ನೆರಡು ಬಿಟ್ಟರು. ಅವೂ ಹೋದವು. ಬಲೆ ಬಿಡಿಸುತ್ತಿದ್ದ ಮೀನುಗಾರರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನಾನು ಈ ಜನಕ್ಕೂ ನನಗೂ ಸಂಬಂಧವಿಲ್ಲ ಅನ್ನುವ ಹಾಗೆ ಆ ಕಡೆ ತಿರುಗಿ ನಿಂತೆ.

ಲೈಫ್ ಜಾಕೆಟ್ ಎಲ್ಲಿ ಅಂತ ಹುಡುಕಿದೆ. ಮಲಗುವ ಹಲಗೆಯ ಕೆಳಗಿನ ಗೂಡಿನಲ್ಲಿ, ರಾಗಿಹಿಟ್ಟಿನ ಚೀಲ, ಕಡ್ಲೆಪುರಿ ಮೂಟೆ, ಕುಕ್ಕರು, ಇವೆಲ್ಲದರ ಅಡಿಯಲ್ಲಿ ಸಿಕ್ಕವು. ನಾಲ್ಕೂ ಹೊಸವು, ನಾಲ್ಕೂ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲೇ ಇದ್ದವು. ನಮ್ಮ ಮನೆಯಲ್ಲಿ ಇದು ವಂಶದ ಕಾಯಿಲೆ. ಕಾರಿನ ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿಲ್ಲ, ಬೇಸಿಗೆಯಲ್ಲಿ ಕೂತರೆ ಬೆನ್ನಿನ ಚರ್ಮ ಕಿತ್ತು ಬರುತ್ತದೆ. ‘ಬಾವ, ಇವನ್ನ ಹೊರಗಿಡೋಣ’ ಅಂದೆ. ‘ಹೊಸಾವು ಕಣಮ್ಮಾ. ಉಪ್ಪುನೀರು ತಾಕಿದ್ರೆ ಹಾಳಾಗ್ಬಿಡ್ತವೆ’ ಅಂದರು. ಸಮುದ್ರಕ್ಕೆ ಬೀಳುವಾಗ ಹಾಕಿಕೊಳ್ಳುವ ಜಾಕೆಟ್ಟು ಉಪ್ಪುನೀರಿನಿಂದ ಹಾಳಾಗುತ್ತದೆ! ಇದನ್ನು ಹೇಳಿದವರು ಮೂವತ್ತು ಜನಕ್ಕೆ ಕೆಲಸ ಕೊಡುವ ಯಜಮಾನರು.

ಹಿಂದುಗಡೆಯ ಕಂಬಿಗೆ ದುಂಡನೆಯ ತೇಲುವ ಟ್ಯೂಬು ಸಿಕ್ಕಿಸಿತ್ತು. ಯಾರಾದರೂ ಬಿದ್ದರೆ ತಟ್ಟನೆ ಕಿತ್ತು ಎಸೆಯಲು ಇರುವಂಥದ್ದು. ಅದನ್ನು ಭಾವ ನೈಲಾನ್ ಹಗ್ಗದಲ್ಲಿ ಸುತ್ತಿ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿ, ಬಸ್ಸಿನ ಮೇಲೆ ನೂಲಿನ ಮೂಟೆ ಬಿಗಿದ ಹಾಗೆ ಬಿಗಿದಿದ್ದರು. ಯಾಕೆ ಅಂದದ್ದಕ್ಕೆ ‘ನೀರಿಗ್ ಬಿದ್ದೋಗ್ಬಾರ್ದಲ್ಲ’ ಅಂದರು.

ಹಗ್ಗ ಬಿಚ್ಚುವ ಮೊದಲು ನಾನು ಎಲ್ಲರನ್ನೂ ಕೂರಿಸಿದೆ. ನಾಲ್ಕು ಮಾತು ಹೇಳಿಯೇ ತೀರಬೇಕು ಅಂತ ನಿರ್ಧಾರ ಮಾಡಿಕೊಂಡೇ ಬಂದಿದ್ದೆ.

‘ಬಾವ, ಹೊರಡೋಕ್ ಮುಂಚೆ ಒಂಚೂರು ಮಾತಾಡ್ಕೊಂಡ್ಬಿಡೋಣ. ಅಕಸ್ಮಾತ್ ಯಾರಾದ್ರೂ ನೀರಿಗೆ ಬಿದ್ರೆ...’

‘ಬಿಡ್ತು ಅನ್ನು!’ ಓರಗಿತ್ತಿ ಎರಡೂ ಕಿವಿ ಮುಚ್ಚಿಕೊಂಡರು. ‘ಬಿಡ್ತು ಅನ್ನು ಮೊದ್ಲು!’

‘ಏನಮ್ಮಾ, ಓದ್ದೋಳು ನೀನು’ ಭಾವ ಬೇಜಾರಿನಿಂದ ತಲೆಯಾಡಿಸಿದರು. ‘ಹೊರಡೋ ಹೊತ್ತಲ್ಲಿ ಬೀಳೋ ಮಾತು ಸಾಯೋ ಮಾತು ಆಡ್ತಾರಾ? ಅಸ್ತು ದೇವತೆಗಳು ತಲೆ ಮೇಲೇ ಓಡಾಡ್ತಿರ್ತಾರೆ. ಅಸ್ತು ಅಂದ್ಬಿಟ್ರೆ ಯಾರ್ ಹೊಣೆ?’

‘ಅವ್ರು ಅಸ್ತು ಅಂದ್ರೂ ಅನ್ನದಿದ್ರೂ ಬಿದ್ದೋರ್ನ ಎತ್ತೋದು ಹೆಂಗೆ ಅಂತ ಗೊತ್ತಿರ್ಬೇಕಲ್ಲ ಬಾವ? ಒಬ್ರು ಬಿದ್ದೋರ ಕಡೆ ಬೆರಳು ತೋರಿಸ್ಕೊಂಡೇ ನಿಂತಿರ್ಬೇಕು, ಕಣ್ಣು ಕೀಳ್ಬಾರ್ದು. ಅಲೇಲಿ ತಲೆ ಕಾಣ್ಸಲ್ಲ. ಇನ್ನೊಬ್ರು...’

ಆಗ ನನ್ನ ಗಂಡ ಬಾಯಿಬಿಟ್ಟರು. ‘ಬಿಡ್ತು ಅಂದ್ಬಿಡೇ, ಅಣ್ಣ ಹೇಳ್ತಿದಾರಲ್ಲ.’ ಮುಖ ನೋಡಿದರೆ ಸ್ಕೂಲಿನಲ್ಲಿ ಪಕ್ಕದ ಹುಡುಗಿ ಮಾಡಿದ ತಪ್ಪಿಗೆ ತನಗೆಲ್ಲಿ ಏಟು ಬೀಳುತ್ತದೋ ಅನ್ನುವ ಮಗುವಿನ ಹಾಗಿತ್ತು. ನಾನು ‘ಬಿಡ್ತು’ ಅಂದೆ. ನಮ್ಮ ಸುರಕ್ಷತಾ ಸಭೆ ಆ ಒಂದು ಪದದಲ್ಲಿ ಮುಗಿಯಿತು. ಕೊನೆಗೆ ಗಂಡನಾದರೂ ಒಂದು ಜಾಕೆಟ್ಟು ಹಾಕಿಕೊಳ್ಳಲಿ ಅಂತ ಕವರು ಹರಿಯಲು ಹೋದೆ. ‘ನನ್ ದೋಣೀಲಿ ನನ್ ತಮ್ಮನೇ ಜಾಕೆಟ್ ಹಾಕ್ಕೊಂಡ್ ಕೂತ್ರೆ ನೋಡಿದೋರು ಏನಂತಾರೆ?’ ಅಂದರು ಭಾವ. ನನ್ನ ಗಂಡ ನನ್ನ ಕೈಯಿಂದ ಕವರು ತೆಗೆದುಕೊಂಡು ಗೂಡಿನೊಳಗೆ ವಾಪಸ್ಸು ಇಟ್ಟರು. ನೋಡುವವರು ಯಾರು? ಮೀನುಗಳು.

ದೋಣಿಯ ಸಂಸಾರ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೆ: ಸಣ್ಣ ಬಾಡಿಗೆ ಮನೆಯನ್ನು ಯಾರೋ ಹಗಲೂ ರಾತ್ರಿ ಅಲ್ಲಾಡಿಸುತ್ತಿರುತ್ತಾರೆ. ಲೋಟ ಇಟ್ಟಲ್ಲಿ ಇರುವುದಿಲ್ಲ. ಕಪಾಟಿನ ಬಾಗಿಲಿಗೆ ಚಿಲಕ ಹಾಕದಿದ್ದರೆ ಸಾರಿನ ಪುಡಿ ಹಾಸಿಗೆಯ ಮೇಲಿರುತ್ತದೆ. ಒಂದು ಕೈ ನಿನಗೆ, ಒಂದು ಕೈ ದೋಣಿಗೆ ಅಂತ ನಾನು ಎಲ್ಲೋ ಓದಿದ್ದೆ. ನಡೆಯುವಾಗಲೂ ಕೂರುವಾಗಲೂ ಒಂದು ಕೈ ಯಾವುದನ್ನಾದರೂ ಹಿಡಿದೇ ಇರಬೇಕು. ಅದನ್ನು ಹೇಳಿದರೆ ಭಾವ ನಕ್ಕರು. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮಗ್ಗದ ಸಾಲಿನಲ್ಲಿ ಓಡಾಡುವ ಹಾಗೆ ದೋಣಿಯ ಮೇಲೆ ಓಡಾಡುತ್ತಿದ್ದರು. ಮೊದಲ ದಿನವೇ ಎರಡು ಸಲ ಜಾರಿ ಕೂತರು. ಎರಡು ಸಲವೂ ‘ಯಾರಮ್ಮಾ ಇಲ್ಲಿ ನೀರ್ ಚೆಲ್ಲಿದ್ದು?’ ಅಂದರು. ಸಮುದ್ರದ ಮಧ್ಯೆ!

ಅಡುಗೆಯದು ಇನ್ನೊಂದು ಪ್ರಹಸನ. ಒಲೆಯನ್ನು ದೋಣಿ ವಾಲಿದರೂ ತಾನು ನೆಟ್ಟಗಿರುವ ಹಾಗೆ ತೂಗುಹಾಕಿದ್ದರು. ಅನ್ನ, ಸಾರು ಮಾಡಿಕೊಂಡು ತೆಪ್ಪಗಿದ್ದರೆ ಅದೂ ಕೆಲಸ ಮಾಡುತ್ತಿತ್ತೋ ಏನೋ. ಆದರೆ ನಮ್ಮ ಭಾವನಿಗೆ ಮಧ್ಯಾಹ್ನ ಮುದ್ದೆ ಇಲ್ಲದಿದ್ದರೆ ಹೊಟ್ಟೆ ತುಂಬುವುದಿಲ್ಲ. ಮುದ್ದೆ ಅಂದರೆ ಕೋಲಿನಿಂದ ತಿರುವಬೇಕು, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿಯಬೇಕು. ಓರಗಿತ್ತಿ ಕುದಿಯುವ ಪಾತ್ರೆಯನ್ನು ನೆಲಕ್ಕಿಳಿಸಿ, ಪಾದಗಳ ನಡುವೆ ಸಿಕ್ಕಿಸಿಕೊಂಡು, ದೋಣಿ ಎಡಕ್ಕೆ ವಾಲಿದರೆ ತಾವು ಬಲಕ್ಕೆ ವಾಲಿ, ಕೋಲು ತಿರುವುತ್ತಿದ್ದರು. ‘ಅಕ್ಕಾ, ಇವತ್ತೊಂದಿನ ಚಿತ್ರಾನ್ನ ಮಾಡೋಣ, ಬಿಸಿ ಹಿಟ್ಟು ಕಾಲ್ಮೇಲ್ ಬಿದ್ರೆ’ ಅಂತ ಬಾಯಿತೆರೆದರೆ ಮತ್ತೆ ‘ಬಿಡ್ತು ಅನ್ನು!’ ಊಟವಾದ ಮೇಲೆ ಅದೇ ಒಲೆಯ ಪಕ್ಕ ಊದುಬತ್ತಿ, ಕರ್ಪೂರ. ಗ್ಯಾಸು ಸೋರಿದರೆ ಮೇಲೆ ಹೋಗುವುದಿಲ್ಲ, ದೋಣಿಯ ಹೊಟ್ಟೆಯಲ್ಲಿ ಕೂತಿರುತ್ತದೆ, ಒಂದು ಕಿಡಿ ಸಾಕು. ಯಾರಿಗೆ ಹೇಳಲಿ? ಓರಗಿತ್ತಿ ಮಲಗಿದ ಮೇಲೆ ನಾನು ಎದ್ದು ಸಿಲಿಂಡರಿನ ತಿರುಪು ಮುಟ್ಟಿ ನೋಡುತ್ತಿದ್ದೆ. ಪ್ರತಿಸಲವೂ ತೆರೆದೇ ಇರುತ್ತಿತ್ತು. ಕುಡಿಯುವ ನೀರಿಗೆ ಅಂಗಡಿಯ ದೊಡ್ಡ ಕ್ಯಾನುಗಳನ್ನು ತಂದಿದ್ದೆವು. ಖಾಲಿಯಾದವು ಉರುಳಾಡಿ ತಲೆ ತಿನ್ನುತ್ತಿದ್ದವು ಅಂತ ಮುಚ್ಚಳ ಹಾಕಿ ಚುಕ್ಕಾಣಿಯ ಬಳಿ ಒಂದು ಮೂಲೆಗೆ ನೂಕಿದ್ದೆ.

ಕಕ್ಕಸಿನದು ಹೇಳಲೇಬೇಕು, ಯಾಕೆಂದರೆ ಮುಂದಿನದ್ದೆಲ್ಲ ಅದರಿಂದಲೇ ಆಯಿತು. ಅದಕ್ಕೆ ಕೈಪಂಪು. ಹೋಗುವ ಮೊದಲು ಹೊಡೆಯಬೇಕು, ಹೋದ ಮೇಲೆ ಹೊಡೆಯಬೇಕು, ನಡುವೆ ಒಂದು ತಿರುಪು ಬದಲಿಸಬೇಕು. ಮೊದಲ ದಿನವೇ ಭಾವ ಅದು ಕಟ್ಟಿಕೊಳ್ಳುವ ಹಾಗೆ ಮಾಡಿಟ್ಟರು. ಬಿಚ್ಚಿ ಸರಿಮಾಡಿದ್ದು ನನ್ನ ಗಂಡ, ಮೂಗಿಗೆ ಟವೆಲು ಕಟ್ಟಿಕೊಂಡು. ಆಮೇಲೆ ಭಾವ ಕಾನೂನು ಮಾಡಿದರು: ಕಕ್ಕಸು ಹೆಂಗಸರಿಗೆ, ಗಂಡಸರು ಒಂದಕ್ಕೆ ಹಿಂದುಗಡೆ ಹೋಗಿ ಕಂಬಿ ಹಿಡಿದುಕೊಂಡು ಸಮುದ್ರಕ್ಕೆ. ನಾನು ಗಂಡನನ್ನು ಪಕ್ಕಕ್ಕೆ ಕರೆದು, ‘ನೀವ್ ಒಳಗೇ ಹೋಗಿ, ಪಂಪು ನಾನ್ ಹೊಡೀತೀನಿ’ ಅಂದೆ. ‘ಅಣ್ಣ ಹೇಳಿದಾರಲ್ಲೇ’ ಅಂದರು.

ನಾಲ್ಕನೇ ದಿನ ಮಧ್ಯಾಹ್ನ ಗಾಳಿ ಏರಿತು. ದಡ ದೂರದಲ್ಲಿ ತೆಂಗಿನ ಗೆರೆಯಾಗಿ ಕಾಣುತ್ತಿತ್ತು. ದೋಣಿ ಚೆನ್ನಾಗಿ ವಾಲಿಕೊಂಡು ಓಡುತ್ತಿತ್ತು, ಚಕ್ರ ಹಿಡಿದ ಭಾವ ಮೀಸೆಯಡಿ ನಗುತ್ತಿದ್ದರು. ಎಲ್ಲರೂ ಮುದ್ದೆ ಉಂಡು ಕಣ್ಣು ಭಾರವಾಗಿತ್ತು. ನನ್ನ ಗಂಡ ಎದ್ದು ಹಿಂದೆ ಹೋದರು. ನಾನು ‘ಎರಡೂ ಕೈ...’ ಅಂದೆ, ಅಷ್ಟರಲ್ಲಿ ಆ ಕೆಲಸಕ್ಕೆ ಒಂದು ಕೈ ಬೇಕೇ ಬೇಕಲ್ಲ ಅಂತ ಹೊಳೆದು ಸುಮ್ಮನಾದೆ. ಹಿಂದಿನಿಂದ ಒಂದು ಅಲೆ ದೋಣಿಯ ಬುಡ ಎತ್ತಿ ಪಕ್ಕಕ್ಕೆ ಒಗೆಯಿತು. ಮುಂದಿನ ಕ್ಷಣ ಅವರು ಅಲ್ಲಿರಲಿಲ್ಲ. ಕೂಗು ಕೂಡ ಇಲ್ಲ.

‘ಬಿದ್ರು! ಬಾವ, ಬಿದ್ರು!’ ಅಂತ ಕಿರುಚಿಕೊಂಡು ಟ್ಯೂಬಿಗೆ ಕೈಹಾಕಿದೆ. ಗಂಟು. ಅದರ ಕೆಳಗೆ ಗಂಟು. ಉಪ್ಪುನೀರು ಕುಡಿದು ಕಲ್ಲಾಗಿದ್ದವು. ಉಗುರು ಕಿತ್ತುಹೋಯಿತು, ಗಂಟು ಜಗ್ಗಲಿಲ್ಲ. ದೋಣಿ ಇದ್ಯಾವುದೂ ಗೊತ್ತಿಲ್ಲದ ಹಾಗೆ ಮುಂದಕ್ಕೆ ಓಡುತ್ತಲೇ ಇತ್ತು. ಕಾಲ ಬಳಿ ಎರಡು ಖಾಲಿ ಕ್ಯಾನು ಕಂಡವು. ಸೂಲಿಬೆಲೆಯಲ್ಲಿ ನಾವು ಈಜು ಕಲಿತದ್ದು ಬೆನ್ನಿಗೆ ಖಾಲಿ ಕ್ಯಾನು ಕಟ್ಟಿಕೊಂಡೇ. ಎರಡನ್ನೂ ಒಂದಾದ ಮೇಲೊಂದು ಬೀಸಿ ಒಗೆದೆ. ಒಂದು ಎಲ್ಲೋ ಹೋಯಿತು. ಇನ್ನೊಂದು ಅವರ ಮುಂದೆ ಬಿತ್ತು. ಅವರ ತಲೆ ಒಂದು ಸಲ ಮುಳುಗಿತು. ಎದ್ದಾಗ ಎರಡೂ ತೋಳು ಕ್ಯಾನಿನ ಮೇಲಿದ್ದವು.

‘ಅಕ್ಕಾ, ಅವ್ರ ಕಡೆ ಬೆರಳು ತೋರಿಸ್ಕೊಂಡ್ ನಿಂತ್ಕೊಳ್ಳಿ! ಕಣ್ ಕೀಳ್ಬೇಡಿ!’ ಅಂದೆ. ಓರಗಿತ್ತಿ ಎದ್ದು ನಿಂತರು. ಕೈ ಜೋಡಿಸಿದರು. ಕಣ್ಣು ಮುಚ್ಚಿ ಮನೆದೇವರನ್ನು ಕೂಗತೊಡಗಿದರು. ಮಾಡಬಾರದ್ದು ಒಂದೇ ಒಂದಿತ್ತು, ಅದನ್ನೇ ಹುಡುಕಿ ಮಾಡಿದರು. ಹಾಗಾಗಿ ಬೆರಳು ತೋರಿಸುವ ಕೆಲಸ ನನ್ನದೇ ಆಯಿತು. ಆ ತಲೆ ಅಲೆಯ ಹಿಂದೆ ಹೋಗುತ್ತಿತ್ತು, ಬರುತ್ತಿತ್ತು, ಪ್ರತಿಸಲವೂ ಇನ್ನಷ್ಟು ಸಣ್ಣದಾಗಿ. ರೆಪ್ಪೆ ಮಿಟುಕಿಸಲೂ ಹೆದರಿಕೆ.

‘ಬಾವ, ಎದುರ್‌ಗಾಳಿಗೆ ತಿರುಗ್ಸಿ!’ ದೋಣಿ ತಿರುಗಲಿಲ್ಲ. ಓರೆಗಣ್ಣಿನಲ್ಲಿ ನೋಡಿದೆ. ಭಾವ ಒಂದು ಕೈಯಲ್ಲಿ ಚಕ್ರ ಹಿಡಿದು ಇನ್ನೊಂದು ಕೈಯಲ್ಲಿ ಜೇಬಿನಿಂದ ಮೊಬೈಲು ತೆಗೆಯುತ್ತಿದ್ದರು. ಬಿದ್ದವರನ್ನು ಎತ್ತುವ ವಿಡಿಯೊ ಹುಡುಕುತ್ತಿದ್ದರೋ, ಯಾರಿಗಾದರೂ ಫೋನು ಮಾಡಲು ಹೊರಟಿದ್ದರೋ, ಆ ದೇವರಿಗೇ ಗೊತ್ತು. ಆಗ ನನ್ನ ಬಾಯಿಯಿಂದ ಬಂದದ್ದು ಮದುವೆಯಾಗಿ ಆ ಮನೆಗೆ ಕಾಲಿಟ್ಟಂದಿನಿಂದ ಬಂದಿರಲಿಲ್ಲ.

‘ಲೇ! ಚಕ್ರ ತಿರುಗ್ಸೋ ಬಡ್ಡಿಮಗನೇ! ಗಾಳಿ ಕಡೆ ತಿರುಗ್ಸೋ!’

ತಿರುಗಿಸಿದರು. ಮರ್ಯಾದೆಯ ಭಾಷೆಗೆ ಅಲ್ಲಾಡದ ಕೈ ಬೈಗುಳಕ್ಕೆ ತಟ್ಟನೆ ಅಲ್ಲಾಡಿತು. ಹಾಯಿ ಪಟಪಟ ಬಡಿದುಕೊಂಡು ದೋಣಿ ನಿಂತಿತು. ‘ಇಂಜಿನ್ ಹಾಕೋ. ನಿಧಾನ. ನನ್ ಬೆರಳಿದ್ ಕಡೆ ಬಾ. ಇನ್ನೂ ಎಡಕ್ಕೆ. ಈಗ ಇಂಜಿನ್ ಆರ್ಸು, ಕೆಳಗೆ ರೆಕ್ಕೆ ತಿರುಗ್ತಿರುತ್ತೆ, ಆರ್ಸು ಅಂದ್ನಲ್ಲಾ!’ ಮಾತುಮಾತಿಗೂ ಏಕವಚನ. ಹಿಂದಿನ ಏಣಿ ಇಳಿಸಿ ನಾನು ಸೊಂಟದವರೆಗೆ ನೀರಿಗಿಳಿದು ಗಂಡನ ಅಂಗಿಯ ಕಾಲರು ಹಿಡಿದೆ. ಕಂಕುಳ ಕೆಳಗೆ ಹಗ್ಗ ತೂರಿಸಿದೆ. ಮೇಲಿಂದ ಎಳೆದದ್ದು ಭಾವ, ಅದನ್ನು ಇಲ್ಲ ಅನ್ನುವುದಿಲ್ಲ. ನೂಲಿನ ಮೂಟೆ ಎತ್ತಿದ ತೋಳು, ಶಕ್ತಿಗೆ ಕೊರತೆಯಿರಲಿಲ್ಲ.

ಬದುಕಿದ್ದರು. ಮುದ್ದೆಯನ್ನೂ ಸಮುದ್ರವನ್ನೂ ಕಾರಿಕೊಂಡರು. ಅವರನ್ನು ತಬ್ಬಿಕೊಂಡು ಗೊಳೋ ಅಂತ ಅತ್ತುಬಿಟ್ಟೆ. ಆದರೆ ಕೆಮ್ಮು ನಿಲ್ಲಲಿಲ್ಲ. ತುಟಿಯ ಬಣ್ಣ ಸರಿಯಿರಲಿಲ್ಲ. ಶ್ವಾಸಕೋಶಕ್ಕೆ ನೀರು ಹೋದವನು ಎದ್ದು ಕೂತು ಮಾತಾಡಿದರೂ ಆಮೇಲೆ ಕೈಬಿಟ್ಟು ಹೋಗಬಹುದು ಅಂತ ನಾನೇ ಕಾರ್ಖಾನೆಯಲ್ಲಿ ಹೇಳಿಕೊಡುತ್ತೇನೆ. ‘ಬಾವ, ಹತ್ರದ ಬಂದರಿಗೆ ಬಿಡಿ, ಆಸ್ಪತ್ರೆಗೆ ಹೋಗ್ಬೇಕು’ ಅಂದೆ, ಬಹುವಚನಕ್ಕೆ ವಾಪಸ್ಸು ಬಂದು.

ಭಾವ ಅಲ್ಲಾಡಲಿಲ್ಲ. ಮುಖ ಕೆಂಪಗಿತ್ತು.

‘ಯಾರಿಗೆ ಲೇ ಅಂದೆ ನೀನು?’

ನಾನು ತಪ್ಪಾಗಿ ಕೇಳಿಸಿಕೊಂಡೆನೇನೋ ಅಂದುಕೊಂಡೆ. ಇಲ್ಲ.

‘ನಮ್ಮಪ್ಪ ನಂಗೆ ಲೇ ಅಂದಿರ್ಲಿಲ್ಲ. ಹೆತ್ತಮ್ಮನ್ನ ಸೇರಿಸಿ ಬೈದೆ.’

‘ಹೊರಡೋವಾಗ್ಲೇ ಬಾಯ್ಬಿಟ್ಟಳು’ ಓರಗಿತ್ತಿ ಈಗ ಕಣ್ಣು ತೆರೆದಿದ್ದರು. ‘ಬಿದ್ರೆ ಬಿದ್ರೆ ಅಂದಳು. ಬಾಯಿಗ್ ಬಂದಿದ್ದು ತಲೆಗ್ ಬಂತು. ಅಸ್ತು ಅಂದೇ ಅಂದ್ರು ನೋಡು.’

‘ಮರ್ಯಾದೆ ಇಲ್ದಿರೋ ಕಡೆ ನಾನ್ ದೋಣಿ ಓಡ್ಸಲ್ಲ. ಅವ್ಳೇ ಓಡ್ಸ್ಕೊಳ್ಳಲಿ’ ಅಂತ ಭಾವ ಇಂಜಿನ್ನಿನ ಬೀಗದ ಕೈ ಕಿತ್ತು ಉಡುದಾರಕ್ಕೆ ಸಿಕ್ಕಿಸಿಕೊಂಡರು. ಕೆಳಗಿಳಿದು ಹೋಗಿ ಹಲಗೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಹಾಯಿ ಬಡಿದುಕೊಳ್ಳುತ್ತಿತ್ತು, ದೋಣಿ ಕುಡುಕನ ಹಾಗೆ ಅಡ್ಡಾದಿಡ್ಡಿ ತೇಲುತ್ತಿತ್ತು, ಒಡಹುಟ್ಟಿದ ತಮ್ಮ ಕಂಬಳಿಯೊಳಗೆ ಕೆಮ್ಮುತ್ತಿದ್ದ, ಇವರಿಗೆ ಮುನಿಸು! ಇಂಥ ಮನುಷ್ಯನನ್ನು ನಾನು ಇಷ್ಟು ವರ್ಷ ಬಹುವಚನದಲ್ಲಿ ಮಾತಾಡಿಸಿದೆನಲ್ಲ ಅಂತ ನನ್ನ ಬಗ್ಗೆಯೇ ಅಸಹ್ಯವಾಯಿತು.

ನನ್ನ ಗಂಡ ನನ್ನ ಕೈ ಹಿಡಿದರು. ಏನೋ ಹೇಳಬೇಕೆಂದು ಕೆಮ್ಮಿನ ನಡುವೆ ಉಸಿರು ಹುಡುಕುತ್ತಿದ್ದರು. ನಾನು ಕಿವಿ ಹತ್ತಿರ ತಂದೆ.

‘ಹೋಗಿ ಅಣ್ಣನ್ ಕಾಲಿಗ್ ಬೀಳೇ.’

ಬಿದ್ದೆ. ಬೆಂಕಿ ಬಿದ್ದಾಗ ಲಿಫ್ಟು ಹತ್ತಬೇಡಿ, ಮೆಟ್ಟಿಲಲ್ಲಿ ಇಳಿಯಿರಿ ಅಂತ ಹೇಳಿಕೊಡುತ್ತೇನಲ್ಲ, ಇದೂ ಅಂಥದ್ದೇ ಒಂದು ವಿಧಾನ. ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವರ ಕಾಲಿಗೆ ಬೀಳುವುದು. ಒದ್ದೆ ಬಟ್ಟೆಯಲ್ಲೇ ಮಂಡಿಯೂರಿ, ಹಿಮ್ಮಡಿ ಒಡೆದ ಆ ಪಾದಗಳಿಗೆ ಹಣೆ ಮುಟ್ಟಿಸಿ, ‘ತಪ್ಪಾಯ್ತು ಬಾವ’ ಅಂದೆ. ಅವರು ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. ಒಂದೇ ಸಲಕ್ಕೆ ಕ್ಷಮಿಸಿದರೆ ಯಜಮಾನಿಕೆ ಏನಾಯಿತು? ನಾನು ಇನ್ನೊಂದು ಸಲ ಅಂದೆ. ಆಮೇಲೆ ಎದ್ದು ಕೂತು, ಬಲಗೈ ಎತ್ತಿ, ನನ್ನ ತಲೆಯ ಮೇಲಿಟ್ಟರು.

‘ಆಯ್ತು ಬಿಡಮ್ಮಾ. ದೀರ್ಘಸುಮಂಗಲಿಯಾಗಿ ಬಾಳು.’

ಮೇಲೆ ನನ್ನ ಸೌಮಂಗಲ್ಯ ಕೆಮ್ಮುತ್ತಿತ್ತು. ‘ಹಂಗಾದ್ರೆ ಬೇಗ ಇಂಜಿನ್ ಹಾಕಿ ಬಾವ’ ಅಂದೆ.

ಬಂದರು ಮುಟ್ಟಿ, ಆಟೊ ಹಿಡಿದು, ಆಸ್ಪತ್ರೆ ಸೇರಿದಾಗ ನನ್ನ ಗಂಡನ ಉಗುರುಗಳು ನೀಲಿಯಾಗಿದ್ದವು. ಡಾಕ್ಟರು ಎದೆಗೆ ಕಿವಿಕೊಟ್ಟು ಕೇಳಿದವರೇ ಆಮ್ಲಜನಕ ಹಾಕಿಸಿದರು. ಇನ್ನೂ ತಡ ಮಾಡಿದ್ದರೆ ಕೈಮೀರುತ್ತಿತ್ತು ಅಂದರು. ಹೇಗೆ ಉಳಿದರು ಅಂತ ಕೇಳಿದ್ದಕ್ಕೆ ಭಾವ ಮುಂದೆ ಬಂದು ‘ದೋಣಿ ತಿರುಗಿಸಿ ಎಳ್ಕೊಂಡ್ಬಿಟ್ಟೆ’ ಅಂದರು. ಅವರ ಹೊಗಳಿಕೆ ಅವರಿಗಿರಲಿ, ನನಗೆ ಬೇಕಾದದ್ದು ಮಂಚದ ಮೇಲೆ ಉಸಿರಾಡುತ್ತಿತ್ತು.

ಎರಡು ದಿನ ಕಳೆದ ಮೇಲೆ ನನ್ನ ಗಂಡನ ಮುಖಕ್ಕೆ ಕಳೆ ಬಂತು. ಮೂಗಿನ ಕೊಳವೆ ತೆಗೆದರು. ಭಾವ, ಓರಗಿತ್ತಿ ಹರಕೆ ತೀರಿಸಲು ದೇವಸ್ಥಾನಕ್ಕೆ ಹೋಗಿದ್ದರು. ನಾನು ಮೂಸಂಬಿ ಬಿಡಿಸಿ ಒಂದೊಂದೇ ತೊಳೆ ಗಂಡನ ಬಾಯಿಗೆ ಇಡುತ್ತಿದ್ದೆ. ಅವರು ಪ್ರೀತಿಯಿಂದಲೇ ನನ್ನ ಮೊಣಕೈ ಸವರಿದರು.

‘ನೀನು ಕಾಲಿಗ್ ಬಿದ್ದಿದ್ದು ಒಳ್ಳೇದಾಯ್ತು ಕಣೇ. ಅಣ್ಣಂಗೆ ಮನಸ್ಸು ತಣ್ಣಗಾಯ್ತು. ಯುಗಾದಿ ಆದ್ಮೇಲೆ ಇನ್ನೊಂದ್ ಸಲ ಹೋಗೋಣ ಅಂತಿದಾರೆ.’

ಕೈಯಲ್ಲಿದ್ದ ತೊಳೆ ಕೈಯಲ್ಲೇ ಉಳಿಯಿತು. ‘ನೀವ್ ಹೋಗ್ತೀರಾ?’

‘ಅಣ್ಣ ಕರೆದ್ರೆ ಇಲ್ಲ ಅನ್ನಕ್ಕಾಗುತ್ತಾ?’

‘ನಾನ್ ಬರಲ್ಲ.’

‘ಬೇಡ ಬಿಡು’ ಅಂದರು. ನಾನು ಹಾಗೆ ಹೇಳಲಿ ಅಂತಲೇ ಕಾಯುತ್ತಿದ್ದವರ ಹಾಗೆ, ಅಷ್ಟು ಹಗುರಾಗಿ.

‘ನಾನ್ ಬರ್ದೆ, ನೀವ್ ಬಿದ್ರೆ, ಯಾರ್ರೀ ನಿಮ್ಮನ್ನ ಎತ್ತೋದು?’

ಅವರು ನನ್ನ ಮುಖವನ್ನು ಅಚ್ಚರಿಯಿಂದ ನೋಡಿದರು. ಇಷ್ಟು ಓದಿದವಳಿಗೆ ಇಷ್ಟೂ ತಿಳಿಯಲಿಲ್ಲವಲ್ಲ ಅನ್ನುವ ಕನಿಕರ ಆ ಕಣ್ಣಲ್ಲಿತ್ತು.

‘ನೀನ್ ಬರ್ದಿದ್ರೆ ನಾನ್ಯಾಕೇ ಬೀಳ್ತೀನಿ?’

ಅವರು ಅದನ್ನು ತಮಾಷೆಗೆ ಹೇಳಿರಲಿಲ್ಲ.